ಓಟದ ಕುದುರೆಯೂ ಹೊರೆಯ ಎಂಜಿನ್ನೂ

ಯಂತ್ರದ ಬಲವನ್ನು ಕುದುರೆಗಳ ಲೆಕ್ಕದಿಂದ ಹೇಳುವುದು ಲೋಕದ ವಾಡಿಕೆ. ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಮೇಲೆತ್ತುವ ಸಾಮರ್ಥ್ಯವೇ ಒಂದು ಅಶ್ವಶಕ್ತಿಯೆಂದು ಜೇಮ್ಸ್ ವಾಟನು ಹದಿನೆಂಟನೆಯ ಶತಮಾನದಲ್ಲಿ ಗೊತ್ತುಮಾಡಿದನು. ಇದು ಹೊತ್ತು ಮುಳುಗುವವರೆಗೆ ದುಡಿಯಬಲ್ಲ ಕುದುರೆಯ ಪ್ರಮಾಣ. ಕೆಲವು ಕ್ಷಣಗಳ ಮಟ್ಟಿಗಾದರೆ ಅದೇ ಪ್ರಾಣಿಯು ಇದರ ಹತ್ತು ಹನ್ನೆರಡು ಮಡಿ ಬಲವನ್ನು ತೋರಬಲ್ಲುದು. ಆದರೆ ಆ ಬಲವನ್ನು ನೆಚ್ಚಿ ಗಾಡಿಯನ್ನು ಊರು ಮುಟ್ಟಿಸಲಾಗದು.

ಈ ಭೇದವನ್ನು ನಮ್ಮ ಜಿಲ್ಲೆಯವರು ಬಲ್ಲರು. ಟಿಪ್ಪು ಸುಲ್ತಾನನ ದಂಡಿಗೆ ಕುದುರೆಗಳನ್ನು ಸಾಕಿದ ಕುಣಿಗಲ್ಲು ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಅಂಥ ಕುದುರೆಯ ಹೆಗಲಿಗೆ ಯಾರೂ ನೊಗವನ್ನಿಡರು. ಸಂಸ್ಕೃತದಲ್ಲಿ ‘ಧುರ’ವೆಂದರೆ ನೊಗ, ಅದನ್ನು ಹೊತ್ತು ನಡೆಯುವವನೇ ‘ಧುರಂಧರ’. ಗುಬ್ಬಿಯ ತೆಂಗಿನಕಾಯನ್ನು ಸಂತೆಗೆ ಸಾಗಿಸುವ ಪಿಕಪ್ ಗಾಡಿಗೆ ಬೇಕಾದುದು ಧುರಂಧರನಾದ ಎಂಜಿನ್ನೇ ಹೊರತು ಪಂದ್ಯದ ಕುದುರೆಯಲ್ಲ. ಗಾಡಿಯ ಬಲವನ್ನು ಹೆಚ್ಚಿಸಬೇಕೆಂದು ಹಂಬಲಿಸುವ ತರುಣರು ಈ ಮಾತನ್ನು ಮೊದಲು ಮನನ ಮಾಡಬೇಕು.

ಎಂಜಿನ್ನಿನ ಬಲವೆಲ್ಲ ಅದರ ಉಸಿರಿನಲ್ಲಿದೆ. ಎಷ್ಟು ಗಾಳಿಯನ್ನು ಒಳಗೆಳೆದು, ಅದಕ್ಕೆ ತಕ್ಕ ಇಂಧನವನ್ನು ಬೆರೆಸಿ ಉರಿಸುವುದೋ ಅಷ್ಟು ಬಲ. ಬಲವನ್ನು ಹೆಚ್ಚಿಸುವುದಕ್ಕೆ ಎರಡು ದಾರಿಗಳುಂಟು: ಉಸಿರನ್ನು ದೊಡ್ಡದು ಮಾಡುವುದು ಒಂದು, ಉಸಿರಾಟವನ್ನು ತ್ವರೆಗೊಳಿಸುವುದು ಇನ್ನೊಂದು. ಅಮೆರಿಕದವರು ಪಿಕಪ್ಪುಗಳಿಗೆ ಮೊದಲನೆಯ ದಾರಿಯನ್ನು ಹಿಡಿದರು. ಅಲ್ಲಿ ‘ಬಿಗ್ ಬ್ಲಾಕ್’ ಎಂದು ಕರೆಯುವ ಎಂಜಿನ್ನುಗಳಲ್ಲಿ ಎರಕದ ಬ್ಲಾಕೇ ದೊಡ್ಡದು. ಆದುದರಿಂದ ಅಗಲವಾದ ಸಿಲಿಂಡರುಗಳಿಗೆ ಅದರಲ್ಲಿ ಎಡೆಯುಂಟು. 1970ರಲ್ಲಿ ಬಂದ ಷೆವರ್ಲೆಯ 454 ಘನ ಅಂಗುಲದ ಎಂಜಿನ್ನಿಗೆ ಎಂಟು ಸಿಲಿಂಡರುಗಳು. ಒಂದೊಂದರ ವ್ಯಾಸ ನಾಲ್ಕೂಕಾಲು ಅಂಗುಲ, ಪಿಸ್ಟನ್ನಿನ ನಡೆ ನಾಲ್ಕು ಅಂಗುಲ. ಒಟ್ಟು ಸುಮಾರು 7.4 ಲೀಟರು. ನಮ್ಮಲ್ಲಿ 2005ರಲ್ಲಿ ಬಂದ ಟಾಟಾ ಏಸ್ ಗಾಡಿಯ ಎರಡು ಸಿಲಿಂಡರುಗಳೂ ಸೇರಿ 702 ಘನ ಸೆಂಟಿಮೀಟರು. ಎಂದರೆ ಆ ದೈತ್ಯನ ಒಂದೇ ಸಿಲಿಂಡರು ನಮ್ಮ ಗಾಡಿಯ ಇಡೀ ಎಂಜಿನ್ನಿಗಿಂತ ದೊಡ್ಡದು! ಇಂತಹ ಎಂಜಿನ್ನಿನ ಗುಣವೇನೆಂದರೆ, ಅದು ನಿಧಾನವಾಗಿ ತಿರುಗುವಾಗಲೇ ಭಾರವನ್ನು ಎಳೆಯುವುದು.

ಸಣ್ಣ ಎಂಜಿನ್ನಿನಿಂದ ದೊಡ್ಡ ಬಲವನ್ನು ಹಿಂಡಲು ಹೊರಟವರು ಎರಡನೆಯ ದಾರಿಯನ್ನು ಹಿಡಿಯಬೇಕಾಗುವುದು. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ದಂಡವನ್ನು ಹಾಕಿ, ವೇಗದಿಂದ ತಿರುಗುವಾಗ ಬಲ ಬರುವಂತೆ ಮಾಡುತ್ತಾರೆ. ಆಗ ಕಾಗದದ ಮೇಲೆ ಅಶ್ವಶಕ್ತಿ ಏರುವುದು. ಹೊರೆ ಹೊತ್ತು ದಿಬ್ಬವನ್ನು ಹತ್ತುವಾಗ ಬೇಕಾದ ತಗ್ಗು ವೇಗದ ಎಳೆತ ಕುಗ್ಗುವುದು. ಪೆಟ್ರೋಲು ಎಂಜಿನ್ನಿನಲ್ಲಿ ಒತ್ತಡವನ್ನು ಮಿತಿಮೀರಿ ಏರಿಸಿದರೆ ಇಂಧನವು ಅಕಾಲದಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯುವುದು. ಡೀಸೆಲಿನಲ್ಲಿ ಗಾಳಿಗೆ ಮೀರಿ ಎಣ್ಣೆ ಹಾಯಿಸಿದರೆ ಕರಿಹೊಗೆಯೂ ಅತಿತಾಪವೂ ಫಲ.

ಎಂಜಿನ್ನು ಕಟ್ಟುವ ಕೆಲಸವು ಬಹು ಸೂಕ್ಷ್ಮವಾದುದು. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ, ದಂಡದ ಪ್ರತಿ ಅಂಗುಲ ವ್ಯಾಸಕ್ಕೆ, ಅಂಗುಲದ ಸಾವಿರದ ಒಂದು ಪಾಲಿನಷ್ಟು ಸಂದು ಇರಬೇಕೆಂಬುದು ಹಳೆಯ ಕುಶಲಿಗಳ ಸೂತ್ರ. ಅದು ಕಡಮೆಯಾದರೆ ಎಣ್ಣೆ ನಿಲ್ಲದು, ಹೆಚ್ಚಿದರೆ ಎಣ್ಣೆಯ ಒತ್ತಡ ಉಳಿಯದು. ಇಷ್ಟೆಲ್ಲ ಸರಿಯಾಗಿ ಕಟ್ಟಿದರೂ ಕ್ಲಚ್ಚು, ಗೇರು, ರೇಡಿಯೇಟರು, ಎಲ್ಲಕ್ಕೂ ಮಿಗಿಲಾಗಿ ಬ್ರೇಕು ಹಳೆಯ ಬಲಕ್ಕೆ ಹೊಂದಿದವೇ ಆಗಿ ಉಳಿಯುತ್ತವೆ. ಹೆಚ್ಚಿದ ಬಲವನ್ನು ನಂಬಿ ಹೊರೆಯನ್ನೂ ಹೆಚ್ಚಿಸಿದವನ ಗಾಡಿ ಏರನ್ನು ಹತ್ತೀತು, ಇಳಿಜಾರಿನಲ್ಲಿ ನಿಲ್ಲಿಸುವವರಾರು?

ಕಾನೂನೂ ಇದಕ್ಕೆ ಅಡ್ಡವಾಗಿದೆ. ತಯಾರಕರು ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ಭೇದ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ವಿಧಿಸುತ್ತದೆ. ಅಪಘಾತವಾದಲ್ಲಿ ವಿಮೆಯ ಹಣಕ್ಕೂ ತೊಡಕುಂಟಾಗಬಹುದು. ಸಾಲ ಮಾಡಿ ಕೊಂಡ ಗಾಡಿಯೇ ಮನೆಯ ಅನ್ನಕ್ಕೆ ಆಧಾರವಾಗಿರುವಾಗ ಇದು ಸಣ್ಣ ಮಾತಲ್ಲ.

ಹಾಗಾದರೆ ಎಳೆಯಲಾರದ ಗಾಡಿಗೆ ಏನು ಮಾಡಬೇಕು? ಹೊಸ ಬಲವನ್ನು ಬಯಸುವ ಮೊದಲು ಕಳೆದುಹೋದ ಬಲವನ್ನು ಹುಡುಕಬೇಕು. ಗಾಳಿಯ ಫಿಲ್ಟರು ಕಟ್ಟಿಕೊಂಡಿದೆಯೆ? ಒಂದೊಂದು ಸಿಲಿಂಡರಿನ ಒತ್ತಡವೂ ಸಮನಾಗಿದೆಯೆ? ಒತ್ತಡ ಇಳಿದಿದ್ದರೆ ಸಿಲಿಂಡರಿನೊಳಗೆ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಆಗ ಏರಿದರೆ ಸವೆದುದು ರಿಂಗು ಇಲ್ಲವೆ ಬೋರು. ಏರದಿದ್ದರೆ ದೋಷವು ಹೆಚ್ಚಾಗಿ ವಾಲ್ವಿನಲ್ಲೋ ಹೆಡ್ಡಿನ ಗ್ಯಾಸ್ಕೆಟ್ಟಿನಲ್ಲೋ ಇರುವುದು. ಬೋರು ಸವೆದಿದ್ದರೆ ಲೇತಿನ ಅಂಗಡಿಯಲ್ಲಿ ಕೊರೆಯಿಸಿ, ತಯಾರಕರು ಹೇಳಿದ ಅಳತೆಯ ಪಿಸ್ಟನ್ನನ್ನೇ ಹಾಕಿಸಬೇಕು. ಇಷ್ಟರಿಂದಲೇ ಗಾಡಿಯು ತನ್ನ ಸಹಜ ಬಲವನ್ನು ಮರಳಿ ಪಡೆಯುವುದುಂಟು. ಆ ಬಲವೂ ಸಾಲದಷ್ಟು ಹೊರೆಯಿರುವವರು ಒಂದರ ಬದಲು ಎರಡು ಸಲ ಸಾಗಿಸಲಿ, ಇಲ್ಲವೆ ಅದಕ್ಕೆ ತಕ್ಕ ದೊಡ್ಡ ಗಾಡಿಯನ್ನೇ ಕೊಳ್ಳಲಿ.