ಪರದೆ ಮೂರು, ಕಾರ್ಡ್ ಒಂದು

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಸಣ್ಣ ಶೆಡ್ಡುಗಳು ಸಾಲುಸಾಲಾಗಿವೆ. ಅಲ್ಲಿನ ಡಿಸೈನ್ ಕೋಣೆಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರೂ ಇರುತ್ತಾರೆ. ಒಂದು ಪರದೆಯಲ್ಲಿ ತ್ರೀಡಿ ಮಾದರಿ, ಇನ್ನೊಂದರಲ್ಲಿ ಗಿರಾಕಿ ಕಳಿಸಿದ ಡ್ರಾಯಿಂಗ್, ಮೂರನೆಯದರಲ್ಲಿ ಸಿಎನ್‌ಸಿ ಪ್ರೋಗ್ರಾಂ ತೆರೆದಿದ್ದರೆ ಕೆಲಸ ಸಲೀಸು. ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದು 'ಎಷ್ಟು ಜಿಬಿ?' ಎಂದು. ನನ್ನ ಪ್ರಕಾರ ಅದು ಕಡೆಗೆ ಕೇಳಬೇಕಾದ ಪ್ರಶ್ನೆ.

ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕಿಗಳು. ಚುಕ್ಕಿಗೆ 4 ಬೈಟ್ ಹಿಡಿದರೂ ಇಡೀ ಚಿತ್ರಕ್ಕೆ 8.3 ಎಂಬಿ ಮೆಮೊರಿ ಸಾಕು; ಮೂರು ಪರದೆಗೆ 25 ಎಂಬಿ. ಹೆಚ್ಚು ಜಿಬಿ ಬೇಕಾಗುವುದು ನೂರಾರು ಭಾಗಗಳ ಅಸೆಂಬ್ಲಿಯನ್ನು ತಿರುಗಿಸುವಾಗ (ಅಥವಾ ಊಟದ ಬಿಡುವಿನಲ್ಲಿ ಗೇಮ್ ಆಡುವಾಗ!).

ಕಷ್ಟವಿರುವುದು ಸಾಗಾಟದಲ್ಲಿ. ಸೆಕೆಂಡಿಗೆ 60 ಸಲ ಚಿತ್ರ ಕೇಬಲ್‌ನಲ್ಲಿ ಹರಿಯಬೇಕು. ಫುಲ್ ಎಚ್‌ಡಿಗೆ ಸುಮಾರು 3 ಗಿಗಾಬಿಟ್ ಆದರೆ 4ಕೆ ಪರದೆಗೆ 12. ಹಳೆಯ ಎಚ್‌ಡಿಎಂಐ 1.4 ಅಷ್ಟನ್ನು ಹೊರಲಾರದೆ 30ಕ್ಕೆ ಇಳಿಯುತ್ತದೆ. ಮೌಸ್ ಬಾಣ ತಡವರಿಸುತ್ತದೆ.

ಇನ್ನೊಂದು ಮಿತಿ ಚಿಪ್ಪಿನೊಳಗೇ ಇದೆ: ಅದರಲ್ಲಿರುವ ಗಡಿಯಾರಗಳ ಸಂಖ್ಯೆ. ಎಚ್‌ಡಿಎಂಐ, ಡಿವಿಐ ಪರದೆಗಳು ತಂತಮ್ಮ ಗತಿಗೆ ತಕ್ಕ ಗಡಿಯಾರ ಸಂಕೇತ ಬೇಡುತ್ತವೆ. ಡಿಸ್‌ಪ್ಲೇಪೋರ್ಟ್ ನಿಗದಿತ ವೇಗದಲ್ಲಿ ಪ್ಯಾಕೆಟ್ ಕಟ್ಟಿ ಕಳಿಸುವುದರಿಂದ ಹಲವು ಪರದೆಗಳಿಗೆ ಒಂದೇ ಗಡಿಯಾರ ಸಾಕು. 2009ರಲ್ಲಿ ಎಎಂಡಿ ತಂದ ಐಫಿನಿಟಿ ತಂತ್ರ ಒಂದೇ ಕಾರ್ಡಿನಿಂದ ಆರು ಪರದೆ ನಡೆಸಿದ್ದು ಇದರ ಬಲದಿಂದ. ಆ ಕಾಲದ ಕಾರ್ಡುಗಳಲ್ಲಿ ಅಗ್ಗದ ಅಡಾಪ್ಟರ್ ಸಿಕ್ಕಿಸಿದ ಮೂರನೆಯ ಮಾನಿಟರ್ ಕಪ್ಪಗೇ ಉಳಿಯುತ್ತಿದ್ದುದು ಗಡಿಯಾರಗಳು ಸಾಲದ ಕಾರಣಕ್ಕೇ. ಕಿಂಡಿಗಳನ್ನು ಎಣಿಸಿದರೆ ಸಾಲದು: ಐದು ಕಿಂಡಿಯಿದ್ದೂ ನಾಲ್ಕೇ ಪರದೆ ನಡೆಸುವ ಜಿಫೋರ್ಸ್ ಕಾರ್ಡುಗಳಿವೆ.

ಬರೀ ಡ್ರಾಯಿಂಗ್ ನೋಡುವವರಿಗೆ ಬೇರೆ ಕಾರ್ಡೇ ಬೇಡವಾಗಬಹುದು. 2012ರ ಮೂರನೇ ತಲೆಮಾರಿನಿಂದಲೇ ಇಂಟೆಲ್ ಪ್ರೊಸೆಸರ್‌ಗಳ ಒಳಗ್ರಾಫಿಕ್ಸ್ ಮೂರು ಪರದೆ ನಡೆಸಬಲ್ಲದು, ಮದರ್‌ಬೋರ್ಡಿನಲ್ಲಿ ಕಿಂಡಿಗಳಿದ್ದರೆ. ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್‌ನಲ್ಲಿ ಆ ಸೌಲಭ್ಯವಿಲ್ಲ. ತ್ರೀಡಿ ಕೆಲಸಕ್ಕಾದರೆ ಎನ್‌ವಿಡಿಯಾ ಟಿ600 ಥರದ್ದು ಒಳ್ಳೆಯದು: ನಾಲ್ಕು ಮಿನಿ ಡಿಸ್‌ಪ್ಲೇಪೋರ್ಟ್, ಬರೀ 40 ವ್ಯಾಟ್, ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ನಡೆಯುವುದರಿಂದ ಹೊಸ ಪವರ್ ಸಪ್ಲೈ ಬೇಕಿಲ್ಲ. ಹಳೆಯ ವಿಜಿಎ ಮಾನಿಟರ್ ಉಳಿಸಿಕೊಳ್ಳುವವರು ಆಕ್ಟಿವ್ ಅಡಾಪ್ಟರ್‌ಗೂ ದುಡ್ಡು ಎತ್ತಿಡಿ.

ತಯಾರಕರ ವಿವರಪಟ್ಟಿಯಲ್ಲಿ 'ಗರಿಷ್ಠ ಪರದೆಗಳು' ಎಂಬ ಸಾಲನ್ನು ಓದದೆ ಯಾವ ಕಾರ್ಡಿಗೂ ಹಣ ಕೊಡಬೇಡಿ.