ದುಬೈಗೆ ಹೋದರೂ ಗುಳಿಗೆ ಬಿಡಬೇಡಿ

ನಮ್ಮ ಕರಣಕೋಟದಲ್ಲಿ ಸಿಮೆಂಟ್ ಕಾರ್ಖಾನೆ ಇದೆ. ತಾಂಡೂರಿನ ಸುತ್ತ ಕಲ್ಲಿನ ಗಣಿಗಳಿವೆ. ಆದರೂ ಎಲ್ಲರಿಗೂ ಇಲ್ಲೇ ಕೆಲಸ ಸಿಗುವುದಿಲ್ಲ. ತೆಲಂಗಾಣದಿಂದ ಬಹಳ ಜನ ದುಬೈ, ಸೌದಿಗೆ ದುಡಿಯಲು ಹೋಗುತ್ತಾರೆ. ನಿಮ್ಮ ಮನೆಯಲ್ಲೂ ಯಾರಾದರೂ ಹೊರಟಿದ್ದಾರೆಯೇ? ಅವರಿಗೆ ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇದೆಯೇ? ಹಾಗಾದರೆ ಇದನ್ನು ಅವರಿಗೂ ಓದಿ ಹೇಳಿ.

ಈ ಕಾಯಿಲೆಗಳಿಗೆ ದಿನಾಲೂ ಗುಳಿಗೆ ಬೇಕು. "ಈಗ ಆರಾಮ ಇದ್ದೀನಿ, ಗುಳಿಗೆ ಯಾಕೆ?" ಅಂತ ಬಿಡಬಾರದು. ಬಿಟ್ಟರೆ ಬಿ.ಪಿ. ಸದ್ದಿಲ್ಲದೆ ಏರುತ್ತದೆ. ಲಕ್ವ ಹೊಡೆಯಬಹುದು. ದುಡಿಯಲು ಹೋದವರೇ ಹಾಸಿಗೆ ಹಿಡಿದರೆ ಮನೆಯ ಗತಿ ಏನು?

ಹೊರಡುವ ಮೊದಲು ಡಾಕ್ಟರರನ್ನು ಕಾಣಿರಿ. ಎರಡು ಮೂರು ತಿಂಗಳಿಗೆ ಆಗುವಷ್ಟು ಗುಳಿಗೆ ಬರೆಸಿಕೊಳ್ಳಿ. ಚೀಟಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಬೇಡಿ. ಚೀಟಿಯ ಜೊತೆ ಕೈಚೀಲದಲ್ಲೇ ಇಡಿ.

ಬೇರೆಯವರ ಗುಳಿಗೆ ಮಾತ್ರ ಒಯ್ಯಬೇಡಿ. ನಮ್ಮಲ್ಲಿ ಡಾಕ್ಟರರು ಬರೆದುಕೊಡುವ ಕೆಲವು ಗುಳಿಗೆಗಳು ಅಲ್ಲಿ ಅಪರಾಧವಾಗಬಹುದು. ಟ್ರಮಡಾಲ್ ಎಂಬ ನೋವಿನ ಗುಳಿಗೆ, ಕೋಡೀನ್ ಇರುವ ಕೆಮ್ಮಿನ ಔಷಧಿ ಅಂಥವು. ದುಬೈಗೆ ಇವನ್ನು ಒಯ್ಯಲು ಅಲ್ಲಿನ ಸರಕಾರದ ಅನುಮತಿ ಮೊದಲೇ ಬೇಕು. ಬ್ರಿಟನ್ನಿನ ಒಬ್ಬ ಮಹಿಳೆ ಈಜಿಪ್ಟಿನಲ್ಲಿದ್ದ ತನ್ನ ಸಂಗಾತಿಗಾಗಿ 290 ಟ್ರಮಡಾಲ್ ಗುಳಿಗೆ ಒಯ್ದರು. 2017ರಲ್ಲಿ ಅಲ್ಲಿನ ಕೋರ್ಟು ಅವರಿಗೆ 3 ವರ್ಷ ಜೈಲು ವಿಧಿಸಿತು. ತಿಳಿಯದೆ ತಂದೆ ಎಂದರೂ ಶಿಕ್ಷೆ ತಪ್ಪಲಿಲ್ಲ.

ಒಯ್ದ ಗುಳಿಗೆ ತೀರುವ ತನಕ ಕಾಯಬೇಡಿ. ಹದಿನೈದು ದಿನದ ಗುಳಿಗೆ ಉಳಿದಿರುವಾಗಲೇ ಅಲ್ಲಿನ ಡಾಕ್ಟರರನ್ನು ಕಾಣಿರಿ. ಸೌದಿಯಲ್ಲಿ ಕಂಪನಿಯವರು ಕೆಲಸಗಾರರಿಗೆ ಆರೋಗ್ಯ ವಿಮೆ ಮಾಡಿಸಬೇಕು. ದುಬೈ ಇರುವ ಯು.ಎ.ಇ. ದೇಶದಲ್ಲೂ 2025ರಿಂದ ಎಲ್ಲ ಕಡೆ ಈ ಕಾನೂನು ಇದೆ. ವಿಮೆಯ ಕಾರ್ಡು ಕೇಳಿ ಪಡೆಯಿರಿ. ಔಷಧಿಯ ಖರ್ಚಿನಲ್ಲಿ ಸ್ವಲ್ಪ ನೀವು ಕೊಡಬೇಕಾಗಬಹುದು.

ಇಲ್ಲಿನ ಕಂಪನಿ ಇಟ್ಟ ಹೆಸರು ಅಲ್ಲಿನ ಅಂಗಡಿಯವರಿಗೆ ತಿಳಿಯದು. ಆದರೆ ಒಳಗಿನ ಔಷಧಿಯ ಹೆಸರು ಎಲ್ಲ ಕಡೆ ಒಂದೇ. ಬಿ.ಪಿ.ಗೆ ಕೊಡುವ ಒಂದು ಔಷಧಿ ಆಮ್ಲೊಡಿಪಿನ್. ಸಕ್ಕರೆ ಕಾಯಿಲೆಗೆ ಕೊಡುವುದು ಮೆಟ್‌ಫಾರ್ಮಿನ್. ಜೊತೆಗೆ 5 ಮಿ.ಗ್ರಾಂ., 500 ಮಿ.ಗ್ರಾಂ. ಅಂತ ಅಳತೆ ಇರುತ್ತದೆ. ನಿಮ್ಮ ಔಷಧಿ ಯಾವುದು, ಅಳತೆ ಎಷ್ಟು ಎಂದು ಡಾಕ್ಟರರನ್ನು ಕೇಳಿ.

ನೀವು ಈಗ ಅಕ್ಷರ ಕಲಿತಿದ್ದೀರಿ. ಆ ಹೆಸರು, ಅಳತೆ ಎರಡನ್ನೂ ಕನ್ನಡದಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಒಂದು ಚೀಟಿ ಹೋಗುವವರ ಜೇಬಿನಲ್ಲಿರಲಿ. ಇನ್ನೊಂದು ಮನೆಯಲ್ಲಿರಲಿ.