ಲೇಬಲ್ ಸರಿಯಿದ್ದರೆ ತಾನೇ ಡಬ್ಬಿ ಸಿಗೋದು?

ಎರಡು ವರ್ಷದ ಹಿಂದಿನ ಮಾತು. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದು ತಿಂಗಳಿತ್ತು. ನಮ್ಮ ಅಪಾರ್ಟ್‌ಮೆಂಟಿನ ಗೆಳತಿಯೊಬ್ಬಳು ಮೊಬೈಲ್ ಹಿಡಿದುಕೊಂಡು ನೇರ ಅಡುಗೆಮನೆಗೇ ಬಂದಳು. ‘ನೋಡೇ, ಇನ್ನೂರು ಲೈಕ್ ಬಂದಿದೆ. ಆರ್ಡರ್ ಮಾತ್ರ ಒಂದೂ ಇಲ್ಲ!’

ಅವಳು ಸೀರೆಗೆ ಕುಚ್ಚು ಕಟ್ಟುತ್ತಾಳೆ. ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚು... ಕೈಕೆಲಸ ಅಂದ್ರೆ ಅವಳದ್ದು. ಮಗಳ ಸ್ಕೂಲ್ ಫೀಸಿನ ಮುಂದಿನ ಕಂತಿಗಾದರೂ ಆಗಲಿ ಅಂತ ಇನ್‌ಸ್ಟಾಗ್ರಾಮಿನಲ್ಲಿ ಅಕೌಂಟ್ ತೆರೆದು ಮೂರು ತಿಂಗಳಾಗಿತ್ತು. ಫೋಟೊ ಚೆನ್ನಾಗಿಯೇ ಇತ್ತು. ಕೆಳಗೆ ಕಣ್ಣಾಡಿಸಿದೆ. #ಲವ್, #ಹ್ಯಾಪಿ, #ಬ್ಯೂಟಿಫುಲ್, #ಇನ್‌ಸ್ಟಾಗುಡ್... ಎಣಿಸಿದರೆ ಇಪ್ಪತ್ತೆಂಟು! ಎಲ್ಲ ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ‘ಕುಚ್ಚು’ ಅನ್ನೋ ಪದವೇ ಇಲ್ಲ.

ನಿಮ್ಮಲ್ಲೂ ಅನೇಕರು ಹೀಗೇ ಮಾಡುತ್ತಿರಬಹುದು. ಎಲ್ಲರೂ ಹಾಕ್ತಾರೆ, ನಾವೂ ಹಾಕೋಣ ಅಂತ. ಎರಡು ಅಡ್ಡಗೆರೆ, ಎರಡು ಉದ್ದಗೆರೆಯ ಈ ಗುರುತು ಅಲಂಕಾರಕ್ಕಲ್ಲ. ಅಡುಗೆಮನೆಯ ಡಬ್ಬಿಗೆ ಅಂಟಿಸುವ ಲೇಬಲ್ ಇದ್ದ ಹಾಗೆ ಅದು. ಹುರಿಗಡಲೆ ಡಬ್ಬಿಗೆ ‘ಸಂತೋಷ’ ಅಂತ ಲೇಬಲ್ ಅಂಟಿಸಿದರೆ ಹುರಿಗಡಲೆ ಬೇಕಾದವರಿಗೆ ಅದು ಸಿಗೋದು ಹೇಗೆ, ಹೇಳಿ?

ಇದರ ಹುಟ್ಟೂ ಹಾಗೇ ಆಗಿದ್ದು. 2007ರ ಆಗಸ್ಟ್ 23ರಂದು ಅಮೆರಿಕದ ಕ್ರಿಸ್ ಮೆಸಿನಾ, ಒಂದೇ ವಿಷಯದ ಮಾತುಗಳೆಲ್ಲ ಒಂದೆಡೆ ಸಿಗಲಿ ಅಂತ ಹ್ಯಾಷ್ ಗುರುತು ಬಳಸೋಣವೇ ಎಂದು ಟ್ವಿಟರ್‌ನಲ್ಲಿ ಕೇಳಿದರು. ಆ ಕಂಪನಿಗೆ ಮೊದಮೊದಲು ಇದು ರುಚಿಸಲಿಲ್ಲವಂತೆ. ಈಗ ಎಕ್ಸ್ ಎಂಬ ಹೆಸರಿನ ಆ ಟ್ವಿಟರ್ 2009ರಲ್ಲಿ ಹ್ಯಾಷ್‌ಟ್ಯಾಗ್ ಒತ್ತಿದರೆ ಪಟ್ಟಿ ತೆರೆಯುವಂತೆ ಮಾಡಿತು. ಇನ್‌ಸ್ಟಾಗ್ರಾಮ್ 2011ರಲ್ಲಿ, ಫೇಸ್‌ಬುಕ್ 2013ರಲ್ಲಿ ಅದನ್ನೇ ಹಿಡಿದವು.

ಹಾಗಾದರೆ ಯಾವ ಪದ ಹಾಕಬೇಕು? ಕನ್ನಡಿ ಮುಂದೆ ನಿಂತು ಯೋಚಿಸಬೇಡಿ, ಗಿರಾಕಿಯ ಜಾಗದಲ್ಲಿ ನಿಂತು ಯೋಚಿಸಿ. ತಂಗಿ ಮದುವೆಗೆ ರೇಷ್ಮೆ ಸೀರೆ ತಂದವಳು ಏನಂತ ಹುಡುಕ್ತಾಳೆ? ‘ಹ್ಯಾಪಿ’ ಅಂತಲ್ಲ! ಗೆಳತಿಗೆ ನಾನು ಸೂಚಿಸಿದ್ದು ನಾಲ್ಕೇ. ಕನ್ನಡ ಲಿಪಿಯಲ್ಲಿ #ಸೀರೆಕುಚ್ಚು, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಂದು, ಆ ಫೋಟೊದಲ್ಲಿರುವ ಕುಚ್ಚಿನ ಹೆಸರು ಒಂದು, ನಮ್ಮ ಏರಿಯಾ ಹೆಸರು ಒಂದು. ಹಾಕುವ ಮುಂಚೆ ಆ ಪದವನ್ನು ನೀವೇ ಸರ್ಚ್ ಮಾಡಿ ನೋಡಿ. ನಿಮ್ಮ ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊಗಳು ಬಂದರೆ ಬಿಟ್ಟುಬಿಡಿ. ಕೋಟಿಗಟ್ಟಲೆ ಪೋಸ್ಟ್ ಇರುವ ಪದವೂ ಬೇಡ, ಜಾತ್ರೆಯಲ್ಲಿ ಮಗು ಕಳೆದ ಹಾಗೆ ನಿಮ್ಮದು ಕಳೆದೇ ಹೋಗುತ್ತೆ.

ಪದಗಳ ನಡುವೆ ಜಾಗ ಬಿಡಬೇಡಿ. ‘#ಸೀರೆ ಕುಚ್ಚು’ ಅಂತ ಬಿಡಿಸಿ ಬರೆದರೆ ಲೇಬಲ್ ‘ಸೀರೆ’ಗೆ ಮುಗಿಯಿತು, ಕುಚ್ಚು ಹೊರಗುಳಿಯಿತು! ಬಿಡಿಸಲೇಬೇಕಿದ್ದರೆ ಅಂಡರ್‌ಸ್ಕೋರ್ ಗೆರೆ ಹಾಕಿ. ಇಂಗ್ಲಿಷಿನಲ್ಲಾದರೆ ಪ್ರತಿ ಪದದ ಮೊದಲ ಅಕ್ಷರ ದೊಡ್ಡದಿರಲಿ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುವಾಗಲೂ ಪದ ಸರಿಯಾಗಿ ಬಿಡಿಸಿಕೊಳ್ಳುತ್ತದೆ. 2013ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ ‘ನೌ ಥ್ಯಾಚರ್ಸ್ ಡೆಡ್’ ಅನ್ನೋದನ್ನು ಸಣ್ಣಕ್ಷರದಲ್ಲಿ ಅಂಟಿಸಿ ಬರೆದಿದ್ದರು. ಅದನ್ನು ‘ನೌ ದಟ್ ಶೆರ್ಸ್ ಡೆಡ್’ ಅಂತ ಓದಿಕೊಂಡ ಅಭಿಮಾನಿಗಳು, ಆರಾಮಾಗಿದ್ದ ಹಾಡುಗಾರ್ತಿ ಶೆರ್‌ಗಾಗಿ ಅತ್ತಿದ್ದೇ ಅತ್ತಿದ್ದು!

ಎಷ್ಟು ಹಾಕಬೇಕು ಅಂತೀರಾ? ಇನ್‌ಸ್ಟಾಗ್ರಾಮಿನಲ್ಲಿ ಬಹುಕಾಲ ಒಂದು ಪೋಸ್ಟಿಗೆ 30ರವರೆಗೆ ಹಾಕಬಹುದಿತ್ತು. ಆದರೆ 3ರಿಂದ 5 ಸಾಕು ಅಂತ ಅವರೇ 2021ರಲ್ಲಿ ಸಲಹೆ ಕೊಟ್ಟರು. ಬರೀ ಹ್ಯಾಷ್‌ಟ್ಯಾಗಿನಿಂದ ಹೆಚ್ಚು ಜನರನ್ನು ತಲುಪೋದಿಲ್ಲ ಅಂತ ಅದರ ಮುಖ್ಯಸ್ಥ ಆ್ಯಡಂ ಮೊಸೆರಿ ಕೂಡ ಹೇಳಿದ್ದಾರೆ. ಆದ್ದರಿಂದ ಫೋಟೊ ಕೆಳಗೆ ಎರಡು ಸಾಲು ಮಾತೂ ಇರಲಿ: ಯಾವ ಕುಚ್ಚು, ಎಷ್ಟು ದಿನ ಬೇಕು, ರೇಟ್ ಎಷ್ಟರಿಂದ ಶುರು. (ರೇಟ್ ಬರೆಯದೆ ‘ಮೆಸೇಜ್ ಮಾಡಿ’ ಅನ್ನುವವರನ್ನು ಕಂಡರೆ ನನಗಂತೂ ಮೈ ಉರಿಯುತ್ತೆ.) ಗೆಳತಿಗೆ ಆ ಹಬ್ಬದೊಳಗೆ ಬಂದಿದ್ದು ನಾಲ್ಕೇ ಆರ್ಡರ್. ಆದರೆ ಎರಡು ನಮ್ಮ ಹಿಂದಿನ ರಸ್ತೆಯಿಂದಲೇ!

ಒಳ್ಳೆ ಪದವೊಂದು ಸಿಕ್ಕರೆ ಅದು ಎಲ್ಲಿಗೋ ಹೋಗುತ್ತೆ, ಅದೂ ನಿಜ. 2015ರಲ್ಲಿ ಬೆಂಗಳೂರಿನ ಆ್ಯಲಿ ಮ್ಯಾಥನ್ ಮತ್ತು ಅಂಜು ಮೌದ್ಗಲ್ ಕದಂ ಎಂಬ ಗೆಳತಿಯರು ವರ್ಷದಲ್ಲಿ 100 ಸಲ ಸೀರೆ ಉಡೋಣ, ಉಟ್ಟ ಸೀರೆಯ ಕಥೆ ಹೇಳೋಣ ಅಂತ ಒಪ್ಪಂದ ಮಾಡಿಕೊಂಡರು. #100ಸಾರಿಪ್ಯಾಕ್ಟ್ ಎಂಬ ಆ ಒಂದು ಲೇಬಲ್ಲಿನ ಕೆಳಗೆ ಎಲ್ಲೆಲ್ಲಿಂದಲೋ ಹೆಂಗಸರು ಬೀರು ತೆರೆದು ಅಜ್ಜಿಯ ಸೀರೆ, ಅಮ್ಮನ ಸೀರೆ ಹೊರತೆಗೆದರು. ಪರಿಚಯವೇ ಇಲ್ಲದವರು ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದು ಹಾಗೆ.

ಪರಿಚಯ ಇಲ್ಲದವರು ಹುಡುಕಿಕೊಂಡು ಬರೋದು... ಅಲ್ಲೇ ಇರೋದು ಎಡವಟ್ಟು.

ಕಳೆದ ಜೂನಿನಲ್ಲಿ ಅದೇ ಗೆಳತಿ ಮಗಳ ಸ್ಕೂಲಿನ ಮೊದಲ ದಿನದ ಫೋಟೊವನ್ನು ಅದೇ ಕುಚ್ಚಿನ ಅಕೌಂಟಿನಲ್ಲಿ ಹಾಕಿದಳು. ಯೂನಿಫಾರಂ, ಪಕ್ಕದಲ್ಲಿ ಸ್ಕೂಲ್ ಬಸ್ಸು. ಕೆಳಗೆ ಮಗಳ ಹೆಸರಿಗೊಂದು, ಸ್ಕೂಲಿಗೊಂದು, ಏರಿಯಾಗೊಂದು ಹ್ಯಾಷ್‌ಟ್ಯಾಗ್. ನಾನು ಕಲಿಸಿದ ಪಾಠವೇ! ಸಂಜೆಗೆ ಗುರುತಿಲ್ಲದ ಯಾರೋ ಮಗುವಿನ ಹೆಸರು ಹಿಡಿದು ‘ನಿನ್ನ ಬಸ್ ಸ್ಟಾಪ್ ಬೇಕರಿ ಹತ್ತಿರ ಅಲ್ವಾ ಪುಟ್ಟಿ?’ ಅಂತ ಕಮೆಂಟ್ ಹಾಕಿದ್ದ. ಅವಳ ಕೈ ನಡುಗುತ್ತಿತ್ತು. ನನಗೂ ಹೊಟ್ಟೆಯಲ್ಲಿ ತಳಮಳ. ಸೀರೆ ಹುಡುಕೋರಿಗೆ ದಾರಿ ತೋರಿಸುವ ಲೇಬಲ್ಲೇ ಮಗುವಿನ ವಿಳಾಸವನ್ನೂ ತೋರಿಸಿತ್ತು.

ವ್ಯಾಪಾರದ ಅಕೌಂಟ್ ಬೇರೆ, ಮನೆಯದು ಬೇರೆ ಇಟ್ಟುಕೊಳ್ಳಿ. ಮನೆಯದನ್ನು ಪ್ರೈವೇಟ್ ಮಾಡಿ. ಆಗ ನೀವು ಒಪ್ಪಿಕೊಂಡವರಿಗೆ ಬಿಟ್ಟು ಬೇರೆಯವರಿಗೆ ನಿಮ್ಮ ಫೋಟೊ ಹ್ಯಾಷ್‌ಟ್ಯಾಗಿನಿಂದಲೂ ಸಿಗೋದಿಲ್ಲ. ಮಗುವಿನ ಹೆಸರು, ಸ್ಕೂಲು, ಡ್ಯಾನ್ಸ್ ಕ್ಲಾಸು ಯಾವುದಕ್ಕೂ ಹ್ಯಾಷ್ ಬೇಡವೇ ಬೇಡ. ಊರಿಗೆ ಹೋದ ಫೋಟೊ ವಾಪಸ್ ಬಂದ ಮೇಲೆ ಹಾಕಿದರಾಯ್ತು. ಇಂಥ ಕಮೆಂಟ್ ಬಂದರೆ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಬೆದರಿಕೆ ಅನ್ನಿಸಿದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸ್ಟೇಷನ್ನಿಗೂ ತಿಳಿಸಿ.

ಹಳೆಯ ಪೋಸ್ಟ್‌ಗಳನ್ನೂ ಒಮ್ಮೆ ನೋಡಿ. ಪೋಸ್ಟಿನ ಮೂಲೆಯ ಮೂರು ಚುಕ್ಕಿ ಒತ್ತಿದರೆ ‘ಎಡಿಟ್’ ಸಿಗುತ್ತೆ, ಹ್ಯಾಷ್‌ಟ್ಯಾಗ್ ಅಳಿಸಬಹುದು. ಗೆಳತಿ ಅಂದು ರಾತ್ರಿ ಕುಚ್ಚಿನ ಕೆಲಸ ಪಕ್ಕಕ್ಕಿಟ್ಟು ಮಗಳ ಹನ್ನೊಂದು ಫೋಟೊ ತೆಗೆದುಹಾಕಿದಳು. ಹನ್ನೆರಡನೆಯದು ಅವಳ ಅತ್ತೆಯ ಫೇಸ್‌ಬುಕ್ಕಿನಲ್ಲಿತ್ತು, ಸ್ಕೂಲಿನ ಹೆಸರಿನ ಸಮೇತ. ಅದಕ್ಕೆ ಮಾರನೇ ದಿನ ಕಾಫಿ ಕೊಡುವಾಗ ನಿಧಾನಕ್ಕೆ ಮಾತಾಡಬೇಕಾಯಿತು.